ಫೀಡರ್

ಸುಂಟಿಕೊಪ್ಪ ಸೆಕ್ಷನ್ನಿನಲ್ಲಿ ಫೀಡರ್ ಎಂದರೆ
ಹನ್ನೊಂದು ಸಾವಿರ ವೋಲ್ಟಿನ ತಂತಿ.
ಮುಟ್ಟುವ ಮೊದಲು ಎರಡು ಸಲ ಕೇಳಬೇಕು,
ಲೈನ್ ಕ್ಲಿಯರ್ ಸಿಕ್ಕಿತಾ?
ಹಾಗಾಗಿ ಯಾರಾದರೂ ಮೊಬೈಲಿನ ಫೀಡು ಎಂದರೂ
ನನ್ನ ಕೈ ತಾನಾಗಿ ಗ್ಲೌಸ್ ಹುಡುಕುತ್ತದೆ.

ಹಳೆಯ ಜಾಗ ಬಿಟ್ಟೆ.
ಅದು ಪೆಟ್ರೋಲ್ ಬಂಕಿನ ಫ್ಲಡ್ ಲೈಟು:
ಕರೆದದ್ದು ಬರಲಿಲ್ಲ, ಕರೆಯದ್ದು ಬಿಡಲಿಲ್ಲ,
ಬೆಳಗ್ಗೆ ಗುಡಿಸಿದರೆ ಮೊರದ ತುಂಬ ರೆಕ್ಕೆ.

ನನ್ನ ಹುಚ್ಚು ದೀಪದ ಹಾತೆ.
ನೈಟ್ ಡ್ಯೂಟಿಯಲ್ಲಿ ಸಬ್‌ಸ್ಟೇಷನ್ನಿನ ಗೋಡೆಗೆ
ಹಳೆಯ ಬಿಳಿ ಪಂಚೆ ಕಟ್ಟಿ, ಬಲ್ಬು ಇಳಿಬಿಟ್ಟು ಕೂರುತ್ತೇನೆ.
ಹಳದಿ ಬಲ್ಬಿಗೆ ಬರುವವರೇ ಬೇರೆ, ಬಿಳಿಗೆ ಬರುವವರೇ ಬೇರೆ.
ಮೊಯ್ದು ನಗುತ್ತಾನೆ:
"ಸಿನಿಮಾ ಎಷ್ಟು ಗಂಟೆಗೆ, ತೀರ್ಥಣ್ಣ?"

ಹೊಸ ಜಾಗಕ್ಕೆ ಒಬ್ಬನೇ ಸಾಹುಕಾರನಿಲ್ಲ.
ಟ್ರಾನ್ಸ್‌ಫಾರ್ಮರುಗಳ ಹಾಗೆ ಸಣ್ಣ ಸಣ್ಣ ಮನೆ,
ಒಂದು ಸುಟ್ಟರೆ ಆ ಕೇರಿಗಷ್ಟೇ ಕತ್ತಲು.
ನಾನು ತಟ್ಟಿದ ಬಾಗಿಲ ಹಿಂದೆ ನೂರಾ ಹದಿನೇಳು ಜನ.
ನಡೆಸುವವರು ಪುತ್ತೂರಿನ ನಿವೃತ್ತ ಟೀಚರ್ ವೇದಾವತಿ.
ಒಳಗೆ ಬಿಡುವ ಮೊದಲು ಒಂದೇ ಪ್ರಶ್ನೆ:
"ಯಾಕೆ ಬರುತ್ತೀರಿ?"
ಇಪ್ಪತ್ತೆರಡು ವರ್ಷ ಎಲ್ಲರೂ ಕೇಳಿದ್ದು
ಕರೆಂಟ್ ಯಾವಾಗ ಬರುತ್ತೆ ಎಂದು.
ನಾನು ಯಾಕೆ ಬರುತ್ತೇನೆಂದು ಯಾರೂ ಕೇಳಿರಲಿಲ್ಲ.
ಬರೆದೆ: ಹಾತೆಗಳ ಹೆಸರು ಗೊತ್ತಿಲ್ಲ, ಅದಕ್ಕೆ.

ಮೊದಲ ರಾತ್ರಿ ಪರದೆ ಬರೀ ಬಿಳಿ.
ಇಲ್ಲಿ ಯಾರೂ ಬಡಿಸುವುದಿಲ್ಲ,
ಎಲೆ ಹಾಕಿಕೊಂಡು ಕೂತರೆ ಎಲೆಯೇ.
ಹ್ಯಾಷ್ ಹಾಕಿ ಪತಂಗ ಎಂದೆ,
ಬೆಳಗಾವಿಯ ಗಾಳಿಪಟದವನೊಬ್ಬ ಸಿಕ್ಕ.
ಹಾತೆ ಎಂದೆ. ಮೂವರು.
ಕಾರ್ಕಳದ ಹಲ್ಲಿನ ಡಾಕ್ಟರಮ್ಮ,
ಕೊಳ್ಳೇಗಾಲದ ಬಸ್ ಕಂಡಕ್ಟರ್,
ಇನ್ನೊಬ್ಬರಿಗೆ ಹೆಸರಿಲ್ಲ, ಊರಿಲ್ಲ,
ರೆಕ್ಕೆಯ ಅಂಚನ್ನು ಮಾತ್ರ ಫೋಟೊ ತೆಗೆಯುತ್ತಾರೆ.
ಅವರು ಯಾರನ್ನು ನೋಡುತ್ತಾರೋ ಅವರನ್ನು ನೋಡಿ,
ಒಂದು ಬೇಲಿಯಿಂದ ಇನ್ನೊಂದು ಬೇಲಿಗೆ ಹಾರಿ
ತಿಂಗಳೊಳಗೆ ನಲವತ್ತು ಮಂದಿ.

ಬೇಡದ ಪದಗಳಿಗೆ ಬೀಗ ಹಾಕಿದೆ.
ಚುನಾವಣೆ. ಐಪಿಎಲ್. ಶುಭೋದಯ.
ಆಮೇಲೆ, ಹೆಚ್ಚು ಯೋಚಿಸದೆ, ಗುಡ್ಡ.
ಆ ಆಗಸ್ಟಿನಲ್ಲಿ ಮಡಿಕೇರಿಯಾಚೆ ಲೈನ್ ಎಳೆಯಲು ಹೋದವನು ನಾನು.
ಕಂಬಗಳು ನಿಂತೇ ಇದ್ದವು,
ನಿಂತ ಜಾಗ ಕೆಳಗೆ ಬಂದಿತ್ತು.

ಮೂರು ವಾರ ಡಾಕ್ಟರಮ್ಮ ಮೌನ.
ಮುನಿಸೇ, ಜ್ವರವೇ ಎಂದು ಕೇಳಿದರೆ
"ದಿನಾ ಬರೀತಾ ಇದ್ದೇನಲ್ಲ,
ಮನೆ ಹಿಂದಿನ ಗುಡ್ಡದ ಹಾತೆಗಳು ಅಂತ?"
ಸಾಲಿನ ಹೆಸರೇ ಅದು.
ಫ್ಯೂಸ್ ಕಿತ್ತವನೂ ನಾನೇ, ಕತ್ತಲಲ್ಲಿ ಕೂತು
ಕರೆಂಟಿಲ್ಲ ಎಂದು ದೂರು ಕೊಟ್ಟವನೂ ನಾನೇ.

ಆ ಬೀಗವನ್ನು ಪೂರ್ತಿ ತೆಗೆಯಲಿಲ್ಲ, ಧೈರ್ಯವಿರಲಿಲ್ಲ.
ಇನ್ನೊಂದು ಆಯ್ಕೆ ಇತ್ತು: ಮುಚ್ಚಿಡು, ಆದರೆ ಹೇಳು.
ಈಗ ಬೂದು ಪಟ್ಟಿಯೊಂದು ಬಂದು ನಿಲ್ಲುತ್ತದೆ,
ಇದರಲ್ಲಿ ಗುಡ್ಡ ಇದೆ, ನೋಡುತ್ತೀರಾ?
ಕೆಲವು ದಿನ ನೋಡುತ್ತೇನೆ.
ಕೆಲವು ದಿನ ಲೈನ್ ಕ್ಲಿಯರ್ ಸಿಗುವುದಿಲ್ಲ.

ನಿನ್ನೆ ಅಮಾವಾಸ್ಯೆ.
ಪಂಚೆಯ ಮೇಲೆ ಅಂಗೈಯಗಲದ್ದೊಂದು,
ಎಳೆ ಬಾಳೆಯ ಸುಳಿಯ ಹಸಿರು, ರಿಬ್ಬನ್ನಿನಂಥ ಎರಡು ಬಾಲ.
ಮೊಯ್ದು ನಗಲಿಲ್ಲ.
ಟಾರ್ಚ್ ಆರಿಸಿ, ಚಪ್ಪಲಿ ಕಳಚಿ ಪಕ್ಕದಲ್ಲಿ ಕೂತ.
ಫೋಟೊದ ಕೆಳಗೆ ಎಲ್ಲಿಯದು ಎಂದು ಬರೆಯಬೇಕಿತ್ತು.
ಬೆರಳು ಸ್ವಲ್ಪ ಹೊತ್ತು ನಿಂತಿತು.
ಬರೆದೆ: ಸುಂಟಿಕೊಪ್ಪ,
ಹಿಂದಿನ ಗುಡ್ಡದಿಂದ ಬಂದದ್ದು.