ಶನಿವಾರದ ಬೀದಿ

ಅರಸೀಕೆರೆ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನ ಹಿಂದೆ
ಹನ್ನೊಂದು ಬಾಗಿಲು, ಒಂದು ಬೋರ್‌ವೆಲ್,
ಬಿಸಿಲಿಗೆ ಹರವಿದ ಕೊಬ್ಬರಿ ಹೋಳು.
ಈ ಬೀದಿಗೆ ಈ ಹೆಸರು ಹೇಗೆ ಬಂತೆಂದು
ನಗರಸಭೆ ನನ್ನನ್ನು ಕೇಳಿದೆ, ಲಿಖಿತದಲ್ಲಿ.
ನಾನು ಬಿಲ್ ಕಲೆಕ್ಟರು. ಕೇಳುವುದು ನನ್ನ ಕೆಲಸ,
ಹೇಳುವುದಲ್ಲ.

ಮೂಲೆಗೆ ಶನಿದೇವರ ಗುಡಿ ಬಂದು ಹದಿನಾಲ್ಕು ವರ್ಷ.
ಎಳ್ಳೆಣ್ಣೆ ದೀಪ, ಕರಿ ಬಟ್ಟೆ, ಸಿಮೆಂಟಿನ ಕಾಗೆ.
'ಹೆಸರು ಮೊದಲೇ ಇತ್ತಲ್ಲ ಸಾರ್, ಸ್ವಾಮಿ ಹುಡುಕಿಕೊಂಡು ಬಂದ'
ಎನ್ನುತ್ತಾರೆ ಅರ್ಜಿಗೆ ಸಹಿ ಹಾಕಿದ ಐವತ್ತೆರಡು ಮಂದಿ.
ಶನೈಶ್ಚರಸ್ವಾಮಿ ರಸ್ತೆ ಎಂದು ಬೋರ್ಡು ಬೇಕಂತೆ.
ಅಲ್ಲ, ಇಲ್ಲಿ ಸಂತೆ ನೆರೆಯುತ್ತಿತ್ತು ಎಂದವರೂ ಉಂಟು.
ನಾನು ಕಂಡಂತೆ ನಮ್ಮ ಸಂತೆ ಶುಕ್ರವಾರ.

ಹಳೇ ಕಂದಾಯ ವಹಿ, ಗೆದ್ದಲು ಅರ್ಧ ಓದಿ ಬಿಟ್ಟದ್ದು:
ಬಾಗಿಲು ನಂಬರ್ ನಾಲ್ಕು. ಅನುಭವದಾರರು,
ಶಾಲಮ್ಮ ಪೇಣಕಾರಿ ಬಿನ್ ಐಸಾಕ.
ಹೆಂಗಸಿಗೆ 'ಬಿನ್' ಹೇಗೆ ಎಂದು
ಯಾರೋ ಕೆಂಪು ಶಾಯಿಯಲ್ಲಿ ಪ್ರಶ್ನೆ ಇಟ್ಟಿದ್ದಾರೆ.

ಶಾಲಮ್ಮನಲ್ಲ ಕಣಪ್ಪ, ಶಾಲೋಮ್.
ಗಾರ್ಡ್ ಪೇಣ್ಕರ್. ಆರಡಿ ಆಳು, ಕಂಕುಳಲ್ಲಿ ಹಸಿರು ಬಾವುಟ,
ಕೊಂಕಣದ ಕಡಲಂಚಿನ ಯೆಹೂದಿ;
ಮನೆಯೊಳಗೆ ಮರಾಠಿ, ಪ್ಲಾಟ್‌ಫಾರಮ್ಮಿಗೆ ಬಂದರೆ ಕನ್ನಡ.
ಗುಮಾಸ್ತ 'ಬಿನ್' ಬರೆಯುವಾಗ ನಕ್ಕನಂತೆ:
'ನಮ್ಮಲ್ಲೂ ಅದೇ ಪದ, ಬೆನ್ ಅಂತೀವಿ.
ನಮ್ಮ ಮುತ್ತಾತನ್ನ ಕೇಳಿ ಬರೆದ ಹಾಗಿದೆ.'

ಇದು ವಹಿಯಲ್ಲಿಲ್ಲ. ನನ್ನಜ್ಜಿ ಸಣ್ಣಗಿರಿಯಮ್ಮ,
ಆಗ ಒಂಬತ್ತು ವರ್ಷದ ಗಾಣದ ಮನೆ ಹುಡುಗಿ,
ಅವಳ ಬಾಯಲ್ಲಿತ್ತು.
ನಾಲ್ಕು ಮನೆ ಅವರದು. ಶುಕ್ರವಾರ ಹೊತ್ತು ಮುಳುಗಿದರೆ
ಬೆಂಕಿ ಮುಟ್ಟರು. ಮರುದಿನ
ಊರಿಗೆಲ್ಲ ಹೊಗೆ, ಆ ನಾಲ್ಕು ಸೂರಿಗಿಲ್ಲ.
'ಸಾವಾದ ಮನೆ ಥರ ಇರೋದು ಕಣೋ, ಒಳಗೆ ಇಣುಕಿದ್ರೆ ಹಬ್ಬ.'
ರೈಲು ಮಾತ್ರ ಕೇಳಬೇಕಲ್ಲ. ಡ್ಯೂಟಿ ಬಿದ್ದ ಶನಿವಾರ ಪೇಣ್ಕರ್
ಯಾರಲ್ಲೋ ಕ್ಷಮೆ ಕೇಳುವವನ ಹಾಗೆ ಸೀಟಿ ಊದುತ್ತಿದ್ದ.

ಒಲೆ ಹಚ್ಚು ಅನ್ನುವಂತೆಯೂ ಇಲ್ಲ.
ಲೇಯಾಬಾಯಿ ಹೊಸಿಲಿಗೆ ಬಂದು
'ಅಬ್ಬಾ, ಎಷ್ಟು ಚಳಿ ಇವತ್ತು' ಅನ್ನೋಳು,
ಏಪ್ರಿಲ್ ತಿಂಗಳಲ್ಲೂ.
ಅಜ್ಜಿ ಒಳಗೆ ಹೋಗಿ ಕಡ್ಡಿ ಗೀರೋಳು.
ದುಡ್ಡೂ ಅವತ್ತು ಮುಟ್ಟಬಾರದು; ಭಾನುವಾರ ಬೆಳಿಗ್ಗೆ ಒಂದಾಣೆ,
ಒಮ್ಮೊಮ್ಮೆ ಮಲೀದ: ಅವಲಕ್ಕಿ, ಬೆಲ್ಲ, ನಮ್ಮೂರ ಕಾಯಿತುರಿ.
'ಸಮುದ್ರದ ಕಡೆ ಅವರೂ ಎಣ್ಣೆ ತೆಗೆಯೋರಂತೆ.
ಶನಿವಾರ ಗಾಣ ಕಟ್ಟದ ಗಾಣಿಗರು.
ನಾವು ಸೋಮವಾರ ಕಟ್ಟಲ್ಲ. ಎರಡೇ ದಿನದ ವ್ಯತ್ಯಾಸ.'

ಆಮೇಲೆ ಹಡಗಿನ ಕಾಗದ ಬಂತು.
ಯಾರೂ ಓಡಿಸಲಿಲ್ಲ, ಅದನ್ನ ಬರೆದುಕೋ ಅಂದಳು ಅಜ್ಜಿ.
ಸ್ವಲ್ಪ ಸುಮ್ಮನಿದ್ದು,
ಯಾರೂ ಕೈ ಹಿಡಿದು ನಿಲ್ಲಿಸಲೂ ಇಲ್ಲ.
ಭಾನುವಾರ ನಸುಕಿನ ಪುಣೆ ಗಾಡಿ.
ಟ್ರಂಕು, ಹೊಲಿಗೆ ಮೆಷಿನ್ನು, ಒಂದು ಗೋಣಿ ತೆಂಗಿನಕಾಯಿ.
ಗಡಿಬಿಡಿಯಲ್ಲಿ ಹಿಂದಿನ ದಿನದ ಆಣೆ ಮರೆತರು.
ಎಂಬತ್ತಾರು ವರ್ಷ ಬದುಕಿದಳು, ಅದನ್ನು ಮನ್ನಾ ಮಾಡಲಿಲ್ಲ.
'ಬಾಕಿ ಇರಲಿ. ಬಾಕಿ ಇದ್ರೆ ತಾನೆ ಒಂದಿನ ಬರೋದು.'

ಬರೆದು ಕೊಟ್ಟೆ: ಸದರಿ ಬೀದಿಯಲ್ಲಿ
ಶನಿವಾರ ಒಲೆ ಹಚ್ಚದ ನಾಲ್ಕು ಮನೆಗಳಿದ್ದವು.
ಮೂರನೇ ದಿನ ಕಡತ ವಾಪಸು:
ಪೂರಕ ದಾಖಲೆ ಲಗತ್ತಿಸಿ.

ನಾಲ್ಕನೇ ಬಾಗಿಲಲ್ಲಿ ಈಗ ರುದ್ರೇಶಿಯ ಮೊಬೈಲ್ ರಿಪೇರಿ.
ಬಲಗಡೆ ಚೌಕಟ್ಟಿನಲ್ಲಿ, ಭುಜದೆತ್ತರಕ್ಕೆ,
ಐದು ಬಣ್ಣ ಬಳಿದರೂ ಮುಚ್ಚದ ಎರಡು ಮೊಳೆ ತೂತು,
ಒಂದು ಮೇಲೆ, ಒಂದು ಕೆಳಗೆ, ಓರೆಯಾಗಿ.
ಹೋಗುವಾಗ ಬರುವಾಗ ಗಾರ್ಡು ಅಲ್ಲಿ ಬೆರಳು ಮುಟ್ಟಿಸಿ
ತುಟಿಗೆ ಒತ್ತಿಕೊಳ್ಳುತ್ತಿದ್ದನಂತೆ.

'ಏನ್ ಸಾರ್, ಅಳತೆನಾ? ಟ್ಯಾಕ್ಸ್ ಏರಿಸ್ತೀರಾ?'
ಇಲ್ಲಪ್ಪ ಎಂದೆ.
ಕಿರುಬೆರಳೂ ಹಿಡಿಸುವುದಿಲ್ಲ ಅದರೊಳಗೆ.