ಬಲಗೋಲು

ವೆರ್ನಾ ತಿಬಡೋ ಫೋನಿನಲ್ಲಿ ಹೇಳಿದ್ದು ಇಷ್ಟೇ:
"ಟಗ್‌ನ ಎಡ ಸೊಂಟ ಸುಲಿದಿದೆ. ಬಂದು ನೋಡು."

ಮೇನ್ ರಾಜ್ಯದ ಮಾರ್ಚ್ ಅಂದರೆ
ಹಗಲು ಕೆಸರು, ರಾತ್ರಿ ಕಲ್ಲು.
ಮೂರು ಮೈಲಿ ಮಣ್ಣುದಾರಿ ಸೆಕೆಂಡ್ ಗೇರಿನಲ್ಲೇ ಹತ್ತಿ
ಕೊಟ್ಟಿಗೆ ಮುಟ್ಟಿದಾಗ ಬೂಟಿನ ತುಂಬ ಐಸುನೀರು.

ಕೆಂಪು ಎತ್ತು. ಒಂದು ಟನ್ನಿಗೆ ತುಸು ಕಮ್ಮಿ.
ಕೋಡಿನ ತುದಿಗೆ ಹಿತ್ತಾಳೆ ಗುಂಡು,
ನಮ್ಮ ಕಡೆ ಕೋಡಣಸು ಅಂತೀವಲ್ಲ, ಹೆಚ್ಚೂಕಡಿಮೆ ಅದೇ.
ಥರ್ಮಾಮೀಟರು ಇಟ್ಟೆ, ಹೊಟ್ಟೆಗೆ ಕಿವಿಗೊಟ್ಟೆ.
ಹುಳವಿಲ್ಲ, ಕಜ್ಜಿಯಿಲ್ಲ, ಜ್ವರವಿಲ್ಲ.
ಸುಮ್ಮನೆ ಸವೆದಿದೆ ಚರ್ಮ, ಒಂದೇ ಕಡೆ,
ಹಳೇ ಕುರ್ಚಿಯ ಕೈಯ ಹಾಗೆ.

"ಹೊರಗೆ ಬಿಡು, ನೋಡೋಣ."

ಬಾಗಿಲು ಎಂಟಡಿ ಅಗಲ.
ಟಗ್ ನಡುವೆ ನಡೆಯಲಿಲ್ಲ.
ಎಡಗಂಬಕ್ಕೆ ಮೈ ಒತ್ತಿ, ಉಜ್ಜಿಕೊಂಡು,
ಬಲಕ್ಕೆ ಒಂದು ಎತ್ತಿನಷ್ಟು ಜಾಗ ಬಿಟ್ಟು
ಹೊರಗೆ ಹೋದ.
ಕಂಬದ ಮೇಲೆ ಕೆಂಗೂದಲು, ಸ್ವಲ್ಪ ರಕ್ತ.

ಬ್ರಿಗ್ ಸತ್ತದ್ದು ನವೆಂಬರಿನಲ್ಲಿ,
ಒಣಹುಲ್ಲಿನೊಳಗಿನ ಬೇಲಿಮೊಳೆ ನುಂಗಿ.
ಆಗಲೂ ನಾನೇ ಬಂದಿದ್ದೆ. ತಡವಾಗಿ.
ಆ ಮಾತು ಇಬ್ಬರೂ ಎತ್ತಲಿಲ್ಲ.

ಒಂಟಿನೊಗ ಮಾಡಿಸಿದ್ದಾಳೆ ವೆರ್ನಾ, ಬರ್ಚ್ ಮರದ್ದು, ಹಗುರ.
ಹಾಕಿದರೆ ಟಗ್ ನೆಟ್ಟ ಗೂಟ.
ಟ್ರಾಕ್ಟರು ಮೇಪಲ್ ತೋಪಿನ ಇಳಿಜಾರಿಗೆ ಇಳಿಯುತ್ತದೆ,
ಹತ್ತುವುದಿಲ್ಲ.
ಮರಮರಕ್ಕೂ ಬಕೆಟ್ಟು ತುಂಬಿ
ಸಿಹಿನೀರು ಬೇರಿಗೇ ವಾಪಸು ಚೆಲ್ಲುತ್ತಿದೆ.

"ಈ ತುದಿ ಸ್ವಲ್ಪ ಹಿಡಿ," ಅಂದಳು.

ಜೋಡಿನೊಗ. ಎಡಗೋಲಿಗೆ ಟಗ್.
ಬಲಗೋಲಿಗೆ ಮುದ್ದೇಬಿಹಾಳ ತಾಲೂಕಿನ ಡಾಕ್ಟರಮ್ಮ.
ಹದಿನಾರು ವರ್ಷ ದನಗಳ ಒಳಗೆಲ್ಲ ಕೈ ಹಾಕಿದವಳು,
ನೊಗದ ಕೆಳಗೆ ಹೋದದ್ದು ಇದೇ ಮೊದಲು.

ಟಗ್ ಕತ್ತು ತಿರುಗಿಸಿ ಮೂಸಿದ.
ಡೆಟಾಲು, ಕಾಫಿ, ನನ್ನ ಬೆವರು.
ಬಹಳ ಹೊತ್ತು ಮೂಸಿದ.
ವೆರ್ನಾ ಬಾರುಕೋಲು ತೋರಿಸಿದಳು, ಮುಟ್ಟಿಸಲಿಲ್ಲ.
ಹೆಜ್ಜೆ ಕಿತ್ತ.

ಭಾರವೆಲ್ಲ ಅವನದೇ. ನನಗೆ ಬರೀ ತುದಿ.
ಆದರೂ ಹೆಗಲ ಮೂಳೆಗೆ ಗೊತ್ತಾಯಿತು
ಅವನು ಉಸಿರೆಳೆದದ್ದು, ಬಿಟ್ಟದ್ದು.
ನಾನು ಜಾರಿದಾಗ ನಿಂತ.
ಎದ್ದ ಮೇಲೆ ನಡೆದ.
ಗೇಟಿನಲ್ಲಿ ನನಗೆ ಬೇಕಾದದ್ದಕ್ಕಿಂತ
ಎರಡು ಪಾಲು ಜಾಗ ಬಿಟ್ಟ.

ಬಲಕ್ಕೆ ಅವಳು "ಜೀ" ಅನ್ನುತ್ತಾಳೆ, ಎಡಕ್ಕೆ "ಹಾ".
ನಮ್ಮೂರ ಎತ್ತಿಗೆ ಎರಡೂ ತಿಳಿಯವು.
ನಿಲ್ಲಿಸುವ ಮಾತು ಮಾತ್ರ ಎರಡೂ ಕಡೆ
ಒಂದೇ ಉಸಿರಿನದು: ಹೋ.

ಸಕ್ಕರೆ ಮನೆಯ ತನಕ ಹೋಗಿ ಬಂದೆವು, ಬರಿದೇ ಜಾರುಬಂಡಿ.
ನಾಳೆಯಿಂದ ನೆರೆಮನೆ ಹುಡುಗ ಬರುತ್ತಾನಂತೆ, ಗಟ್ಟಿಗ,
ಬೇಸಿಗೆಗೆ ಒಂದು ಕರು ನೋಡಿದ್ದಾಳಂತೆ.
ಬಾಗಿಲ ಕಂಬಕ್ಕೆ ಕಂಬಳಿ ಸುತ್ತು, ಅಂದೆ.
ಬಿಲ್ಲು ಬರೆದೆ: ಭೇಟಿ, ಮುಲಾಮು.
ಅವಳು ಪೆನ್ನು ಕಸಿದು ಕೆಳಗೆ ಸೇರಿಸಿದಳು:
ಬಲಗೋಲು ಎತ್ತು, ಇಪ್ಪತ್ತು ನಿಮಿಷ,
ಹನ್ನೊಂದು ಡಾಲರು ಕಳೆಯತಕ್ಕದ್ದು.

ರಾತ್ರಿ ಮನೆಯಲ್ಲಿ ಅಂಗಿ ಬಿಚ್ಚಿದರೆ
ಎಡ ಹೆಗಲು ಕೆಂಪಗೆ ಊದಿತ್ತು.
ಡಬ್ಬಿ ತೆಗೆದು
ಅದೇ ಮುಲಾಮು ಹಚ್ಚಿಕೊಂಡೆ.