ಹಿಂದಿನಿಂದ ಬರೆದ ಪುಸ್ತಕ

ನಮ್ಮಲ್ಲಿ ಮೊದಲಿಗಿದ್ದದ್ದು ಸಾವಿನ ಸಂಘ.
ಡೋವಾ ಬೆಟ್ಟದ ಕೆಳಗೆ ನಲವತ್ತೊಂದು ಮನೆ,
ಮನೆಗೊಂದು ಬಟ್ಟಲು ಮೆಕ್ಕೆಜೋಳದ ಹಿಟ್ಟು,
ತಿಂಗಳಿಗಿಷ್ಟು ಕ್ವಾಚಾ.
ಯಾರಾದರೂ ಕಣ್ಣು ಮುಚ್ಚಿದರೆ
ಆರು ಹಲಗೆ, ಹಿಡಿ ಮೊಳೆ, ಊರೆಲ್ಲದರ ಹೆಗಲು.
ಲೆಕ್ಕ ಬರೆಯುವವಳು ನಾನು, ಫಾಲೆಸಿ.
ಆರನೇ ಕ್ಲಾಸು ಓದಿದ ತಪ್ಪಿಗೆ.

ನೀಲಿ ರಟ್ಟಿನ ಪುಸ್ತಕ. ಮೊದಲ ಪುಟದ ಮೊದಲ ಸಾಲು
ಮುದುಕ ಕಾಂಟೆಡ್ಜಾ: ಕೆಮ್ಮು.
ಹದಿನೇಳನೆಯದು ಜಿಯೋನೆ: ಹತ್ತೊಂಬತ್ತು ವರ್ಷ.
ಹೊಟ್ಟೆಯಲ್ಲಿದ್ದದ್ದಕ್ಕೆ ಹೆಸರಿರಲಿಲ್ಲ.
ಒಂದು ಸಾಲೋ ಎರಡೋ?
ಪೆನ್ನು ಎತ್ತಿಕೊಂಡೇ ಕೂತಿದ್ದೆ.

ಆಸ್ಪತ್ರೆ ಹದಿನಾಲ್ಕು ಮೈಲಿ.
ಮನೆಯ ಬಾಗಿಲನ್ನೇ ಕಿತ್ತು ಅವಳನ್ನು ಮಲಗಿಸಿ ಹೊತ್ತಿದ್ದರು.
ಹಳ್ಳ ದಾಟುವ ಹೊತ್ತಿಗೆ
ಬಾಗಿಲ ಮೇಲಿದ್ದವಳು
ಒಳಗೂ ಇರಲಿಲ್ಲ, ಹೊರಗೂ ಇರಲಿಲ್ಲ.

ಮಣ್ಣು ಮುಗಿಸಿ ಬಂದು ಮಾವಿನ ಕೆಳಗೆ ಕೂತೆವು.
ತಟ್ಟೆಯಲ್ಲಿ ಎನ್‌ಸಿಮಾ ತಣ್ಣಗಾಗುತ್ತಿತ್ತು.
ಜಿಯೋನೆಯ ತಾಯಿ ಎನೆಲೆಸಿ ಕೇಳಿದಳು:
"ಹಲಗೆಗೆ ಎಷ್ಟಾಯಿತು ಫಾಲೆಸಿ?"
ಹೇಳಿದೆ.
"ಹಳೆಯದೊಂದು ಸೈಕಲ್ಲಿಗೆ?"
ಅದನ್ನೂ ಹೇಳಿದೆ. ಹೇಳಿದ ಮೇಲೆ
ಎರಡು ಅಂಕಿಗಳೂ ಬಹಳ ಹೊತ್ತು
ನಮ್ಮ ನಡುವೆಯೇ ಕೂತಿದ್ದವು, ಸವತಿಯರ ಹಾಗೆ.

"ಸತ್ತವಳಿಗೆ ಎಂಬತ್ತು ಹೆಗಲು ಬಂದವು.
ನಿನ್ನೆ ನಾಲ್ಕೇ ಇದ್ದವು."

ಕಚಿಂಗ್ವೆ ಎದ್ದುನಿಂತ. ಸಂಘದ ಹಿರಿಯ, ಗಟ್ಟಿ ದನಿಯವನು.
"ಸಾವಿನ ದುಡ್ಡು ಸಾವಿಗೆ. ಸೈಕಲ್ಲು ಕೊಂಡು
ನಾಳೆ ನಾನು ಹೋದರೆ ಚಾಪೆಯಲ್ಲಿ ಸುತ್ತುತ್ತೀರೇನು?"
"ಸುತ್ತುತ್ತೇವೆ. ಚಾಪೆ ನಾನೇ ಹೆಣೆಯುತ್ತೇನೆ,
ಒಳ್ಳೆಯದು, ಅಂಚು ಕಟ್ಟಿ."
ಮಣ್ಣಿನ ದಿನ ಯಾರೂ ನಗಬಾರದು.
ಮೊದಲು ನಕ್ಕವನು ಕಚಿಂಗ್ವೆಯೇ.

ಲುಫೆಯೋಗೆ ಗೊತ್ತಿದ್ದದ್ದು ಪಾತ್ರೆಗೆ ಬೆಸುಗೆ.
ಹೊಗೆಸೊಪ್ಪಿನ ಗಾಡಿಯ ಚಕ್ರ, ಯಾರದೋ ಮಂಚದ ಚೌಕಟ್ಟು,
ಮೇಲೊಂದು ಟಾರ್ಪಾಲು. ಸೈಕಲ್ಲಿನ ಹಿಂದೆ ಕೊಂಡಿ.
ಮೊದಲು ಶೇಂಗಾ ಮೂಟೆ ಮಲಗಿಸಿ ಎಳೆದ.
ಆಮೇಲೆ ತನ್ನ ತಾಯಿಯನ್ನು. ತಿರುವಿನಲ್ಲಿ ಚರಂಡಿಗೆ ಬಿತ್ತು.
ಮುದುಕಿ ಕೆಸರು ಒರೆಸಿಕೊಳ್ಳುತ್ತ ಬೈದಳು:
"ಮಗುವನ್ನು ಬೆನ್ನಿಗೆ ಕಟ್ಟೋದು ನೋಡಿಲ್ಲವೇನೋ?
ಬಟ್ಟೆ ಕಟ್ಟು, ಕಬ್ಬಿಣ ಅಲ್ಲ!"
ಎರಡು ಚಿಟೆಂಜೆ ಸೀರೆಯಗಲ ಹರಿದು ಜೋಲಿ ಮಾಡಿದೆವು.
ಒಂದರ ಮೇಲೆ ಹಳದಿ ಮೀನುಗಳಿದ್ದವು.

ಬಾಡಿಗೆ ಸೈಕಲ್ಲಿನ ಹುಡುಗರು ರಾತ್ರಿಗಳನ್ನು ಹಂಚಿಕೊಂಡರು.
ಊರಿಗೊಂದು ಫೋನು, ಕ್ಷೌರದಂಗಡಿಯ ಸೂರ್ಯನ ಹಲಗೆಯಲ್ಲಿ ಚಾರ್ಜು.
ಮಳೆ ಹಿಡಿದ ರಾತ್ರಿ ತಿಯಾಮಿಕೆಗೆ ನೋವು ಬಂತು.
ಎಳೆದವರು ಇಬ್ಬರು, ಹಳ್ಳದಲ್ಲಿ ಎತ್ತಿದವರು ಹನ್ನೊಂದು.
ಮೂರನೇ ದಿನ
ಅದೇ ಹಳದಿ ಮೀನುಗಳ ಮೇಲೆ ತಾಯಿ, ಮಗು,
ಪಕ್ಕದಲ್ಲಿ ಒಂದು ಕಟ್ಟು ಕಬ್ಬು.

ಬರೆಯಬೇಕೆಂದು ಪುಸ್ತಕ ತೆಗೆದೆ.
ಹದಿನೆಂಟನೆಯ ಸಾಲು ಖಾಲಿ ಇತ್ತು.
ಅಲ್ಲಿ ಬರೆಯಲು ಕೈ ಬರಲಿಲ್ಲ.
ಪುಸ್ತಕ ಮಗುಚಿ, ತಲೆಕೆಳಗು ಮಾಡಿ
ಕೊನೆಯ ಪುಟದಿಂದ ಶುರುಮಾಡಿದೆ:
ಹೋದರು. ಬಂದರು.

ಈಗ ಪಕ್ಕದೂರಿನವರು ದಾರದಲ್ಲಿ ಅಳತೆ ತೆಗೆಯಲು ಬರುತ್ತಾರೆ.
ಲುಫೆಯೋ ಚಾ ಕೊಟ್ಟು ಹೇಳುತ್ತಾನೆ:
"ನಮ್ಮದು ಎಡಕ್ಕೆ ಎಳೆಯುತ್ತದೆ. ನೀವು ಸರಿಮಾಡಿ.
ಮಾಡಿದ ಮೇಲೆ ನನಗೂ ತೋರಿಸಿ."

ಮುಂದಿನಿಂದಲೂ ಪುಟ ತುಂಬುತ್ತಲೇ ಇದೆ.
ಮಲೇರಿಯಾ ಸೈಕಲ್ಲಿಗೆ ಹೆದರುವುದಿಲ್ಲ.
ಕಚಿಂಗ್ವೆಯೂ ಹೋದ, ಸುಗ್ಗಿಗೆ ಮುಂಚೆ.
ಎನೆಲೆಸಿ ಚಾಪೆ ಹೆಣೆದಳು, ಅಂಚು ಕಟ್ಟಿ.
ಬೆಳಗಾಗುವಷ್ಟರಲ್ಲಿ ಅಂಗಳದಲ್ಲಿ ಹಲಗೆಗಳೂ ಇದ್ದವು.
ತಂದವರು ಯಾರೆಂದು ಪುಸ್ತಕದಲ್ಲಿಲ್ಲ.

ಎರಡು ಪಟ್ಟಿಗಳ ನಡುವೆ ಇನ್ನು ಐದೇ ಹಾಳೆ.
ಇದನ್ನು ನೆಟ್ಟಗೆ ಹಿಡಿದರೆ ಅದು ತಲೆಕೆಳಗು.
ಅಂಗಡಿಯವನು ಕೇಳಿದ:
"ಲೆಕ್ಕ ಎರಡಾಯಿತಲ್ಲ, ಎರಡು ಪುಸ್ತಕ ಕೊಡಲೇ?"
"ಒಂದು ಸಾಕು," ಅಂದೆ.
"ದಪ್ಪದ್ದು ಕೊಡು."